ಕೈ ಕಲಿಸಿದ ವಿದ್ಯೆ

ಬಂಕಾಪುರದ ಕೋಟೆಯೊಳಗೆ ನಗರೇಶ್ವರ ದೇವಾಲಯವಿದೆ. ಅರವತ್ತು ಕಂಬದ ಗುಡಿಯೆಂದು ಜನ ಅದನ್ನು ಕರೆಯುತ್ತಾರೆ. ಚಾಳುಕ್ಯರ ಕಾಲದ ಶಿಲ್ಪಿಗಳು ಅದರ ಕಂಬಗಳನ್ನು ಚಕ್ರಕ್ಕೆ ಕೊಟ್ಟು ತಿರುಗಿಸಿ ಕಡೆದಂತೆ ನಯವಾಗಿ ರೂಪಿಸಿದ್ದಾರೆ. ಅಳತೆ ತಪ್ಪಿದರೆ ಕಂಬ ನಿಲ್ಲದು; ಲೆಕ್ಕ ತಪ್ಪಿದರೆ ಮಾಳಿಗೆ ಉಳಿಯದು. ಹಾಗಾಗಿ ಆ ಶಿಲ್ಪಿಗಳು ಗಣಿತವನ್ನೂ ಬಲ್ಲವರಾಗಿದ್ದರು ಎನ್ನಲು ಸಂದೇಹವಿಲ್ಲ. ಇದೇ ಬಂಕಾಪುರ ವಿದ್ಯಾಕೇಂದ್ರವೂ ಆಗಿತ್ತು. ಗುಣಭದ್ರಾಚಾರ್ಯರ ಉತ್ತರಪುರಾಣವು ಕ್ರಿ. ಶ. 898ರಲ್ಲಿ ಇಲ್ಲಿಯೇ ಪೂಜೆಗೊಂಡಿತು. ಒಂದೇ ಊರಿನಲ್ಲಿ ಓಲೆಗರಿಯೂ ಉಳಿಯೂ ತಮ್ಮ ತಮ್ಮ ಕಾರ್ಯವನ್ನು ನೆರವೇರಿಸಿದವು. ಆದರೆ ಕಾಲಕ್ರಮದಲ್ಲಿ ಇವೆರಡರ ನಡುವಿನ ಅಂತರ ಬೆಳೆಯಿತು. ಓದಿದವನು ಕೈಕೆಲಸವನ್ನು ಕೀಳೆಂದು ಬಗೆದನು. ಕೈಕೆಲಸ ಬಲ್ಲವನಿಗೆ ಅಕ್ಷರ ದೂರವಾಯಿತು. ಈ ಅಂತರವು ದೇಶದ ಬಡತನಕ್ಕೆ ಒಂದು ಮುಖ್ಯ ಕಾರಣವೆಂದು ಕಂಡುಕೊಂಡು, ಅದನ್ನು ತೊಡೆದುಹಾಕಲು ತಮ್ಮ ದೀರ್ಘ ಬಾಳಿನ ಬಹುಭಾಗವನ್ನು ಮುಡಿಪಾಗಿಟ್ಟವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ, ಹಣಕ್ಕೆ ಇತ್ತು. ಬಾಲಕನು ಹರೆಯಕ್ಕೆ ಕಾಲಿಡುವ ಮೊದಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಆರಂಭದ ಶಿಕ್ಷಣ ಮುಗಿಸಿ ಬೆಂಗಳೂರಿಗೆ ಬಂದ ಅವರಿಗೆ ಸೋದರಮಾವನ ಆಸರೆ ದೊರೆಯಿತು. ಆದರೂ ಓದಿನ ವೆಚ್ಚವನ್ನು ತಾವೇ ದುಡಿದುಕೊಳ್ಳಬೇಕಾಗಿತ್ತು. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳುತ್ತ ಅವರು ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1881ರಲ್ಲಿ ಬಿ. ಎ. ಪದವಿ ಪಡೆದರು.

ಆ ಕಾಲದಲ್ಲಿ ಪದವೀಧರನಾದ ಯುವಕನಿಗೆ ಸರಕಾರಿ ಕಚೇರಿಯ ಬಾಗಿಲು ತೆರೆದೇ ಇರುತ್ತಿತ್ತು. ಗುಮಾಸ್ತೆಯಾಗಿ ಸೇರಿ ಅಮಲ್ದಾರನಾಗುವುದೇ ಬಹುಮಂದಿಯ ಕನಸು. ಬಡ ಮನೆಯ ಮಗನಾದ ವಿಶ್ವೇಶ್ವರಯ್ಯನವರು ಆ ಸುಲಭದ ಹಾದಿಯನ್ನು ಬಿಟ್ಟು, ಮೈಸೂರು ಸರಕಾರದ ವಿದ್ಯಾರ್ಥಿವೇತನದೊಂದಿಗೆ ಪುಣೆಯ ವಿಜ್ಞಾನ ಕಾಲೇಜಿಗೆ ಎಂಜಿನಿಯರಿಂಗ್ ಕಲಿಯಲು ಹೋದರು. ಅಲ್ಲಿ ಶ್ಲೋಕದಂತೆ ಕಂಠಪಾಠ ಮಾಡಿ ಒಪ್ಪಿಸುವ ವಿದ್ಯೆಗೆ ಬೆಲೆಯಿರಲಿಲ್ಲ. ನೆಲವನ್ನು ಅಳೆಯಬೇಕು, ನಕ್ಷೆ ಬರೆಯಬೇಕು, ಬರೆದ ನಕ್ಷೆ ನೆಲದ ಮೇಲೆ ನಿಲ್ಲುವುದೋ ಇಲ್ಲವೋ ಎಂದು ಲೆಕ್ಕ ಹಾಕಬೇಕು. 1883ರ ಪರೀಕ್ಷೆಯಲ್ಲಿ ಅವರು ಮುಂಬಯಿ ಪ್ರಾಂತಕ್ಕೇ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷ ಅದೇ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ನಾಸಿಕದಲ್ಲಿ ಕೆಲಸ ಆರಂಭಿಸಿದರು.

ಮುಂದಿನ ಸುಮಾರು ಇಪ್ಪತ್ತನಾಲ್ಕು ವರ್ಷಗಳ ಸೇವೆ ಅವರಿಗೆ ಎರಡನೆಯ ವಿದ್ಯಾಲಯವಾಯಿತು. ಸಿಂಧ್ ಪ್ರಾಂತದ ಸುಕ್ಕೂರು ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುವ ಹೊಣೆ ಅವರ ಮೇಲೆ ಬಿತ್ತು. ಸಿಂಧೂ ನದಿಯ ನೀರು ಕೆಸರಿನಿಂದ ಕೂಡಿತ್ತು. ಅದನ್ನು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿದರು. ನದಿಯ ನೀರು ಮರಳಿನ ಪದರಗಳ ಮೂಲಕ ಜಿನುಗಿ ತಿಳಿಯಾಗಿ ಬಾವಿಗೆ ಇಳಿಯಿತು. ಅಲ್ಲಿಂದ ಅದನ್ನು ಯಂತ್ರದ ಸಹಾಯದಿಂದ ಮೇಲೆತ್ತಲಾಯಿತು. ಹಣ ಕೊಟ್ಟು ಕಟ್ಟಿಸಬೇಕಾಗಿದ್ದ ಸೋಸುಕವನ್ನು ನದಿಯೇ ಒದಗಿಸಿತು. ಹಳ್ಳದ ಮರಳಿನಲ್ಲಿ ಒರತೆ ತೋಡಿ ತಿಳಿನೀರು ಮೊಗೆಯುವ ಹಳ್ಳಿಯ ಹೆಣ್ಣುಮಗಳು ಬಲ್ಲ ಸತ್ಯವೇ ಇದು. ಅದನ್ನು ಒಂದು ಪಟ್ಟಣದ ಅಗತ್ಯಕ್ಕೆ ತಕ್ಕಂತೆ ಅಳೆದು, ಲೆಕ್ಕಹಾಕಿ, ಕಟ್ಟಿದುದು ಎಂಜಿನಿಯರನ ಹಿರಿಮೆ.

ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಇನ್ನೊಂದು ಸಮಸ್ಯೆ ಎದುರಾಯಿತು. ಮಳೆಗಾಲದಲ್ಲಿ ಹೆಚ್ಚಿನ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಬೇಸಗೆಯಲ್ಲಿ ನೀರಿಗೆ ಹಾಹಾಕಾರ. ಕಟ್ಟೆಯನ್ನೇ ಎತ್ತರಿಸಿದರೆ ವೆಚ್ಚವೂ ಅಪಾಯವೂ ಹೆಚ್ಚು. ಆಗ ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ನಿಲ್ಲುವ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. ನೀರು ಗೊತ್ತಾದ ಮಟ್ಟಕ್ಕೆ ಬರುವವರೆಗೆ ಬಾಗಿಲು ಮುಚ್ಚಿರುತ್ತಿತ್ತು. ಮಟ್ಟ ಮೀರಿದೊಡನೆ ನೀರಿನ ಒತ್ತಡದಿಂದಲೇ ಬಾಗಿಲು ತೆರೆದು ಪ್ರವಾಹವನ್ನು ಹೊರಗೆ ಬಿಡುತ್ತಿತ್ತು. ನೀರು ಇಳಿದಾಗ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಇದರಿಂದ ಕಟ್ಟೆಯನ್ನು ಎತ್ತರಿಸದೆಯೇ ಸುಮಾರು ಎಂಟು ಅಡಿ ಹೆಚ್ಚು ನೀರನ್ನು ಹಿಡಿದಿಡಲು ಸಾಧ್ಯವಾಯಿತು. 1903ರಲ್ಲಿ ಕಾರ್ಯಗತವಾದ ಈ ಉಪಾಯಕ್ಕೆ ಅವರ ಹೆಸರಿನಲ್ಲಿ ಹಕ್ಕುಪತ್ರ ದೊರೆಯಿತು. ಆದರೆ ಸರಕಾರದ ಸಂಬಳ ಪಡೆದು ಮಾಡಿದ ಕೆಲಸಕ್ಕೆ ಬೇರೆ ಗೌರವಧನ ಪಡೆಯುವುದು ತಕ್ಕುದಲ್ಲವೆಂದು ಅವರು ಅದನ್ನು ಬಿಟ್ಟುಕೊಟ್ಟರು. ಇಂಥ ಬಾಗಿಲುಗಳನ್ನೇ ಮುಂದೆ ಕೃಷ್ಣರಾಜಸಾಗರದಲ್ಲಿಯೂ ಅಳವಡಿಸಲಾಯಿತು.

ಬಂಕಾಪುರ, ಶಿಗ್ಗಾಂವಿ, ಹಾನಗಲ್ಲುಗಳನ್ನೊಳಗೊಂಡ ಅಂದಿನ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಧಾರವಾಡ, ವಿಜಾಪುರ ಮೊದಲಾದ ಪಟ್ಟಣಗಳ ನೀರು ಸರಬರಾಜಿನ ಯೋಜನೆಗಳಲ್ಲಿಯೂ ವಿಶ್ವೇಶ್ವರಯ್ಯನವರ ಪರಿಶ್ರಮವಿದೆ. ಹೀಗೆ ಊರೂರು ಸುತ್ತುವಾಗ ಅವರ ಗಮನ ಕಾಲುವೆ ಕಟ್ಟೆಗಳ ಮೇಲೆ ಮಾತ್ರ ನಿಲ್ಲಲಿಲ್ಲ. ಬುದ್ಧಿವಂತರಾದ ಯುವಕರು ಕೆಲಸವಿಲ್ಲದೆ ಅಲೆಯುವುದನ್ನೂ, ನಿಪುಣರಾದ ಕುಶಲಕರ್ಮಿಗಳು ಹೊಸ ಉಪಕರಣಗಳ ಪರಿಚಯವಿಲ್ಲದೆ ಸೊರಗುವುದನ್ನೂ ಅವರು ಕಂಡರು. 1898ರಲ್ಲಿ ಅವರು ಜಪಾನಿಗೆ ಪ್ರವಾಸ ಹೋದರು. ಕೆಲವೇ ದಶಕಗಳ ಹಿಂದೆ ಹಿಂದುಳಿದಿದ್ದ ಆ ದೇಶ ಶಾಲೆಯನ್ನೂ ಕಾರ್ಖಾನೆಯನ್ನೂ ಒಟ್ಟಿಗೆ ಬೆಳೆಸಿ ಮುಂದುವರಿದುದನ್ನು ಕಣ್ಣಾರೆ ಕಂಡು ಬಂದರು. ಜನ್ಮಭೂಮಿಯೂ ಹೀಗಾಗಬೇಕೆಂಬ ಹಂಬಲ ಅವರಲ್ಲಿ ಬೇರೂರಿತು.

ಮುಂಬಯಿ ಸರಕಾರದ ಸೇವೆಯಿಂದ ನಿವೃತ್ತರಾದ ಬಳಿಕ, 1909ರಲ್ಲಿ ಮೈಸೂರು ಸಂಸ್ಥಾನವು ಮುಖ್ಯ ಎಂಜಿನಿಯರ್ ಪದವಿಗೆ ಅವರನ್ನು ಆಹ್ವಾನಿಸಿತು. ಬೇರೆಯವರಾಗಿದ್ದರೆ ವೇತನವನ್ನೂ ವಸತಿಯನ್ನೂ ವಿಚಾರಿಸುತ್ತಿದ್ದರೇನೋ! ವಿಶ್ವೇಶ್ವರಯ್ಯನವರು ವಿಚಾರಿಸಿದುದೇ ಬೇರೆ. ಸಂಸ್ಥಾನದಲ್ಲಿ ತಾಂತ್ರಿಕ ಶಿಕ್ಷಣಕ್ಕೂ ಕೈಗಾರಿಕೆಗೂ ಉತ್ತೇಜನ ದೊರೆಯುವುದೇ ಎಂದು ಕೇಳಿ, ಭರವಸೆ ಪಡೆದ ಮೇಲೆಯೇ ಅವರು ಆಹ್ವಾನವನ್ನು ಒಪ್ಪಿಕೊಂಡರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು.

ದಿವಾನಗಿರಿಯ ಆರು ವರ್ಷಗಳಲ್ಲಿ ಶಿಕ್ಷಣಕ್ಕೆ ದೊರೆತ ಪ್ರಾಧಾನ್ಯ ಅಪೂರ್ವವಾದುದು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತು. ಆರು ವರ್ಷಗಳಲ್ಲಿ ಸುಮಾರು 6,500 ಹೊಸ ಶಾಲೆಗಳು ತಲೆಯೆತ್ತಿದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ದೇಶೀಯ ಸಂಸ್ಥಾನವೊಂದು ಸ್ಥಾಪಿಸಿದ ಮೊದಲ ವಿಶ್ವವಿದ್ಯಾನಿಲಯ ಅದು. ಆದರೆ ಅಕ್ಷರ ಕಲಿಸುವ ಶಾಲೆಗಳಷ್ಟೇ ಸಾಲವೆಂದು ದಿವಾನರು ಅರಿತಿದ್ದರು. ಹೆಬ್ಬಾಳದಲ್ಲಿ ಕೃಷಿ ಶಾಲೆ, ಬೆಂಗಳೂರಿನಲ್ಲಿ ಯಂತ್ರ ವಿದ್ಯೆಯ ಶಾಲೆ, ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಇವೆಲ್ಲ ಆ ಕಾಲದಲ್ಲಿ ರೂಪುಗೊಂಡವು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅಲ್ಲಿಯವರೆಗೆ ಈ ನಾಡಿನ ಹುಡುಗನು ಎಂಜಿನಿಯರನಾಗಬೇಕಾದರೆ ವಿಶ್ವೇಶ್ವರಯ್ಯನವರಂತೆಯೇ ಪುಣೆಗೋ ಮದರಾಸಿಗೋ ಹೋಗಬೇಕಾಗಿತ್ತು.

ಈ ಸಂಸ್ಥೆಗಳಲ್ಲಿ ಒಂದು ಹೊಸ ರೀತಿ ಇತ್ತು. ಇಲ್ಲಿ ವಿದ್ಯಾರ್ಥಿಯ ಕೈಗೆ ಪುಸ್ತಕದ ಜೊತೆಗೆ ಅರ, ಉಳಿ, ಅಳತೆಪಟ್ಟಿಗಳೂ ಬಂದವು. ತಾನೇ ಕಾಸಿ ಬಗ್ಗಿಸಿದ ಕಬ್ಬಿಣದಿಂದ ಶಾಖದ ಗುಣ ತಿಳಿಯಿತು. ತಾನೇ ಜೋಡಿಸಿದ ಮರದ ಚೌಕಟ್ಟು ಸೊಟ್ಟಗಾದಾಗ ಲಂಬಕೋನದ ಬೆಲೆ ತಿಳಿಯಿತು. ಉತ್ತರ ಸರಿಯೋ ತಪ್ಪೋ ಎಂದು ಹೇಳಲು ಉಪಾಧ್ಯಾಯರಿಗಾಗಿ ಕಾಯಬೇಕಾಗಿರಲಿಲ್ಲ. ಮಾಡಿದ ವಸ್ತುವೇ ಅದನ್ನು ಹೇಳುತ್ತಿತ್ತು. ಆದರೆ ಇವಕ್ಕೆ ವಿರೋಧವಿಲ್ಲದೆ ಇರಲಿಲ್ಲ. ವಿದ್ಯಾವಂತರ ಮನೆಗಳಲ್ಲಿ ಕಮ್ಮಾರಿಕೆ, ಬಡಗಿತನಗಳು ತಮ್ಮ ಮಕ್ಕಳಿಗೆ ತಕ್ಕುವಲ್ಲವೆಂಬ ಭಾವನೆ ಬಲವಾಗಿತ್ತು. ಬಡವರ ಮನೆಗಳಲ್ಲಿ ದುಡಿಯುವ ಮಗನನ್ನು ಶಾಲೆಗೆ ಕಳುಹಿಸಿದರೆ ಆ ದಿನದ ಕೂಲಿ ತಪ್ಪುವುದೆಂಬ ಚಿಂತೆ. ಇದರೊಡನೆ, ಕಾರ್ಯಾಗಾರಕ್ಕೆ ಬೇಕಾದ ಹಣ ಸಾಮಾನ್ಯ ತರಗತಿಗಿಂತ ಎಷ್ಟೋ ಹೆಚ್ಚು.

ವಿಶ್ವೇಶ್ವರಯ್ಯನವರ ಎಲ್ಲ ನಿಲುವುಗಳೂ ಸರ್ವರಿಗೂ ಸಮ್ಮತವಾಗಿದ್ದವೆಂದು ತಿಳಿಯಬಾರದು. ಸರಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ಬೇಕೆಂಬ ಬೇಡಿಕೆ ಆ ದಿನಗಳಲ್ಲಿ ಪ್ರಬಲವಾಯಿತು. ಅದನ್ನು ಪರಿಶೀಲಿಸಲು 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಶಿಕ್ಷಣವನ್ನು ವಿಸ್ತರಿಸಿದರೆ ಎಲ್ಲರೂ ತಾವಾಗಿ ಮೇಲೆ ಬರುವರೆಂಬುದು ವಿಶ್ವೇಶ್ವರಯ್ಯನವರ ನಂಬಿಕೆ. ಶತಮಾನಗಳಿಂದ ಮುಚ್ಚಿದ ಬಾಗಿಲು ಅಷ್ಟರಿಂದಲೇ ತೆರೆಯಲಾರದು, ಅದಕ್ಕೆ ವಿಶೇಷ ಸೌಲಭ್ಯ ಬೇಕೆಂಬುದು ಇತರರ ವಾದ. ಭಿನ್ನಾಭಿಪ್ರಾಯ ಬೆಳೆದು, ಆ ವರ್ಷದ ಕೊನೆಯಲ್ಲಿ ಅವರು ದಿವಾನ ಪದವಿಯನ್ನು ತ್ಯಜಿಸಿದರು. ಮಹಾರಾಜರು ಸಮಿತಿಯ ಮಾರ್ಗದಲ್ಲಿಯೇ ಮುಂದುವರಿದರು. ಶಾಲೆಯನ್ನು ಕಟ್ಟುವುದರಷ್ಟೇ ಅದರ ಹೊಸ್ತಿಲನ್ನು ಎಲ್ಲರೂ ದಾಟುವಂತೆ ಮಾಡುವುದೂ ಮುಖ್ಯವೆಂಬುದನ್ನು ಮುಂದಿನ ಕಾಲ ಒಪ್ಪಿಕೊಂಡಿತು.

ಪದವಿ ಬಿಟ್ಟರೂ ಅವರು ಕೆಲಸ ಬಿಡಲಿಲ್ಲ. ಮತ್ತೆ ಜಪಾನ್, ಅಮೆರಿಕ, ಯೂರೋಪುಗಳನ್ನು ಸುತ್ತಿಬಂದರು. 1921ರಲ್ಲಿ ಮುಂಬಯಿ ಸರಕಾರವು ತಾಂತ್ರಿಕ ಹಾಗೂ ಔದ್ಯೋಗಿಕ ಶಿಕ್ಷಣವನ್ನು ಕುರಿತು ನೇಮಿಸಿದ ಸಮಿತಿಗೆ ಅವರು ಅಧ್ಯಕ್ಷರಾದರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಅವರ ಹೆಗಲೇರಿತು. ಮೊದಲ ಮಹಾಯುದ್ಧದ ಅನಂತರ ಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ನಷ್ಟದಲ್ಲಿತ್ತು. ದೊಡ್ಡ ಸಂಬಳದ ವಿದೇಶೀ ತಜ್ಞರಿಲ್ಲದೆ ಕುಲುಮೆ ಉರಿಯದೆಂದು ಹಲವರು ತಿಳಿದಿದ್ದರು. ವಿಶ್ವೇಶ್ವರಯ್ಯನವರು ಈ ನಾಡಿನ ತರುಣರನ್ನು ಕುಲುಮೆಯ ಮುಂದೆಯೇ ತರಬೇತುಗೊಳಿಸಿ, ಕ್ರಮವಾಗಿ ಅವರ ಕೈಗೇ ಕೆಲಸವನ್ನು ಒಪ್ಪಿಸಿದರು. ವೆಚ್ಚ ಇಳಿಯಿತು, ಕಾರ್ಖಾನೆ ಉಳಿಯಿತು. ಹಳ್ಳಿಯ ಹುಡುಗನ ಕೈಯೂ ಕಲಿಸಿದರೆ ಯಂತ್ರವನ್ನು ಆಳಬಲ್ಲುದೆಂಬುದಕ್ಕೆ ಭದ್ರಾವತಿಯೇ ಸಾಕ್ಷಿಯಾಯಿತು.

ಈ ಸೇವೆಗಾಗಿ ಸರಕಾರದಿಂದ ಅವರಿಗೆ ಸಲ್ಲಬೇಕಾಗಿದ್ದ ಸಂಭಾವನೆ ಒಂದು ಲಕ್ಷ ರೂಪಾಯಿಗೂ ಮೀರಿತ್ತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಅದನ್ನು ತಮ್ಮ ಸ್ವಂತಕ್ಕೆ ಬಳಸದೆ, ಹುಡುಗರಿಗೆ ಕಸುಬುಗಳನ್ನು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದು ಅವರು ಕೋರಿದರು. ಸಂಸ್ಥೆಗೆ ಅವರದೇ ಹೆಸರಿಡಬೇಕೆಂಬ ಸಲಹೆ ಬಂದಾಗ ಒಪ್ಪದೆ, ರಾಜಮನೆತನದ ಜಯಚಾಮರಾಜೇಂದ್ರರ ಹೆಸರನ್ನು ಸೂಚಿಸಿದರು. ಹೀಗೆ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆ ಹುಟ್ಟಿಕೊಂಡಿತು. ಮುಂದೆ ಅದು ಪಾಲಿಟೆಕ್ನಿಕ್ ಎಂದು ಪ್ರಸಿದ್ಧವಾಯಿತು. ಕಾರ್ಖಾನೆಗೆ ಬೇಕಾದ ವಿದ್ಯೆಗಳ ಜೊತೆಗೆ ಚಲನಚಿತ್ರದ ಛಾಯಾಗ್ರಹಣದಂಥ ಹೊಸ ವಿದ್ಯೆಯನ್ನೂ ಅಲ್ಲಿ ಕಲಿಸಲಾಯಿತು. ಮೈಸೂರಿನ ವಿ. ಕೆ. ಮೂರ್ತಿಯವರು 1940ರ ದಶಕದಲ್ಲಿ ಅಲ್ಲಿಯೇ ಕ್ಯಾಮರಾ ಹಿಡಿಯಲು ಕಲಿತವರು. 1959ರಲ್ಲಿ ತೆರೆಕಂಡ ಕಾಗಜ್ ಕೆ ಫೂಲ್ ಚಿತ್ರದಲ್ಲಿ ಬೆಳಕನ್ನು ಅವರು ಬಳಸಿಕೊಂಡ ಬಗೆ ಇಂದಿಗೂ ಮೆಚ್ಚುಗೆ ಪಡೆದಿದೆ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಭದ್ರಾವತಿಯ ಕಬ್ಬಿಣದ ದುಡಿಮೆ ಬೆಳ್ಳಿತೆರೆಯ ಮೇಲೆ ಬೆಳಕಾಗಿ ಮೂಡಿತೆಂದರೆ ಅತಿಶಯೋಕ್ತಿಯಲ್ಲ.

ಕೈಯ ಮೂಲಕ ಕಲಿಸಬೇಕೆಂದು ಬಯಸಿದವರು ವಿಶ್ವೇಶ್ವರಯ್ಯನವರೊಬ್ಬರೇ ಅಲ್ಲ. 1937ರಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಮಹಾತ್ಮ ಗಾಂಧಿಯವರು ಮೂಲಶಿಕ್ಷಣದ ಯೋಜನೆಯನ್ನು ದೇಶದ ಮುಂದಿಟ್ಟರು. ಮಗು ಚರಕದಲ್ಲಿ ನೂಲುವಾಗಲೇ ಲೆಕ್ಕ, ಭೂಗೋಳ, ಇತಿಹಾಸಗಳನ್ನು ಕಲಿಯಬೇಕೆಂಬುದು ಅದರ ತಿರುಳು. ಗಾಂಧೀಜಿಯವರು ಚರಕವನ್ನು ನೆಚ್ಚಿದರು. ವಿಶ್ವೇಶ್ವರಯ್ಯನವರು ಯಂತ್ರವನ್ನು ನೆಚ್ಚಿದರು. ಹಳ್ಳಿ ಹಳ್ಳಿಯಾಗಿಯೇ ಸ್ವಾವಲಂಬಿಯಾಗಬೇಕೆಂದು ಒಬ್ಬರು, ಹಳ್ಳಿಗೂ ಕೈಗಾರಿಕೆ ಬರಬೇಕೆಂದು ಇನ್ನೊಬ್ಬರು. ದಾರಿಗಳು ಬೇರೆಯಾದರೂ ಒಂದು ಮಾತಿನಲ್ಲಿ ಇಬ್ಬರಿಗೂ ಒಮ್ಮತವಿತ್ತು: ಕೈಯನ್ನು ಮರೆತ ವಿದ್ಯೆ ಅಪೂರ್ಣ.

ಆದರೂ ಒಂದು ಕೊರತೆ ಉಳಿಯಿತು. ವಿಶ್ವೇಶ್ವರಯ್ಯನವರು ಕಟ್ಟಿದ ಕಾರ್ಯಾಗಾರಗಳು ಬಹುಮಟ್ಟಿಗೆ ಪ್ರತ್ಯೇಕ ಸಂಸ್ಥೆಗಳಾಗಿಯೇ ಬೆಳೆದವು. ಊರಿನ ಸಾಮಾನ್ಯ ಶಾಲೆಯಲ್ಲಿ ಕರಿಹಲಗೆ, ಪುಸ್ತಕಗಳೇ ಮುಂದುವರಿದವು. ಚೆನ್ನಾಗಿ ಓದುವವರು ಒಂದು ಕಡೆಗೆ, ಕೈಕೆಲಸದವರು ಇನ್ನೊಂದು ಕಡೆಗೆ ಎಂಬ ಹಳೆಯ ವಿಂಗಡಣೆ ಹೊಸ ರೂಪದಲ್ಲಿ ತಲೆಯೆತ್ತಿತು. 1964ರಿಂದ 1966ರವರೆಗೆ ಕಾರ್ಯ ನಡೆಸಿದ ಕೊಠಾರಿ ಆಯೋಗವು ಕಾರ್ಯಾನುಭವವು ಪ್ರತಿಯೊಬ್ಬ ವಿದ್ಯಾರ್ಥಿಯ ಶಿಕ್ಷಣದ ಭಾಗವಾಗಬೇಕೆಂದು ಶಿಫಾರಸು ಮಾಡಿತು. ಮುಂದೆ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬ ವಿಷಯ ಶಾಲೆಗಳಿಗೆ ಬಂದಿತು. ಎಷ್ಟೋ ಕಡೆ ಅದು ವೇಳಾಪಟ್ಟಿಯ ಕೊನೆಯ ಅವಧಿಯಾಗಿ, ಅಂಕಗಳಿಲ್ಲದ ಅಲಂಕಾರವಾಗಿ ಉಳಿಯಿತು.

ವಿಶ್ವೇಶ್ವರಯ್ಯನವರ ದೇಹ ಮಾತ್ರ ಮುಪ್ಪಾಯಿತು, ಉತ್ಸಾಹ ಮುಪ್ಪಾಗಲಿಲ್ಲ. ತೊಂಬತ್ತು ದಾಟಿದ ಮೇಲೆಯೂ ಗಂಗಾನದಿಗೆ ಸೇತುವೆ ಕಟ್ಟುವ ಸ್ಥಳವನ್ನು ಪರಿಶೀಲಿಸಲು ಅವರು ಬಿಹಾರಕ್ಕೆ ಪ್ರಯಾಣ ಮಾಡಿದರು. 1955ರಲ್ಲಿ ಭಾರತ ಸರಕಾರ ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು. ನೂರು ವರ್ಷ ತುಂಬಿದ ಬಾಳನ್ನು ಬಾಳಿ 1962ರ ಏಪ್ರಿಲ್ ತಿಂಗಳಲ್ಲಿ ಅವರು ಕಣ್ಮುಚ್ಚಿದರು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶದಲ್ಲೆಲ್ಲ ಎಂಜಿನಿಯರುಗಳ ದಿನವೆಂದು ಆಚರಿಸುತ್ತಾರೆ.

ಅವರ ಹೆಸರಿನ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಕಟ್ಟಡವು ಬೆಂಗಳೂರಿನಲ್ಲಿ ಅದೇ 1962ರಲ್ಲಿ ಉದ್ಘಾಟನೆಗೊಂಡಿತು. 1965ರಲ್ಲಿ ಅದರ ಮೊದಲ ಪ್ರದರ್ಶನಶಾಲೆ ಸಾರ್ವಜನಿಕರಿಗೆ ತೆರೆಯಿತು. ಸಾಮಾನ್ಯವಾಗಿ ವಸ್ತುಸಂಗ್ರಹಾಲಯಗಳಲ್ಲಿ ಮುಟ್ಟಬಾರದೆಂಬ ಫಲಕಗಳಿರುತ್ತವೆ. ಇಲ್ಲಿಯಾದರೋ ಮಕ್ಕಳು ಗುಂಡಿಯನ್ನೊತ್ತಿ, ಹಿಡಿಯನ್ನು ತಿರುಗಿಸಿ, ಯಂತ್ರದ ನಡೆಯನ್ನು ತಾವೇ ಪರೀಕ್ಷಿಸಬಹುದು. ಬೆಂಗಳೂರಿಗೆ ಬರಲಾರದ ಮಕ್ಕಳಿಗಾಗಿ ಸಂಚಾರಿ ವಿಜ್ಞಾನ ಪ್ರದರ್ಶನದ ಬಸ್ಸುಗಳು ಹಳ್ಳಿಯ ಶಾಲೆಗಳ ಅಂಗಳಕ್ಕೇ ಹೋಗಿ ನಿಂತವು. 2016ರಿಂದ ಈಚೆಗೆ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳೆಂಬ ಹೊಸ ಕಾರ್ಯಾಗಾರಗಳು ದೇಶದ ಅನೇಕ ಶಾಲೆಗಳಲ್ಲಿ ಸ್ಥಾಪಿತವಾಗಿವೆ. ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳು ಅಲ್ಲಿ ವಿದ್ಯುತ್ ಮಂಡಲಗಳನ್ನು ಜೋಡಿಸುತ್ತಾರೆ, ಚಿಕ್ಕ ಯಂತ್ರಗಳನ್ನು ಕಟ್ಟುತ್ತಾರೆ, ಕೆಟ್ಟರೆ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಪ್ರತ್ಯೇಕವಾಗಿದ್ದ ಕಾರ್ಯಾಗಾರವು ಈಗ ಸಾಮಾನ್ಯ ಶಾಲೆಯ ಒಳಗೇ ಕಾಲಿಡತೊಡಗಿದೆ.

ಇಂಥ ಪ್ರಯೋಗಾಲಯ ಇನ್ನೂ ಎಲ್ಲ ಶಾಲೆಗಳನ್ನು ಮುಟ್ಟಿಲ್ಲ. ಆದರೆ ಸುಕ್ಕೂರಿನಲ್ಲಿ ಸೋಸುವ ತೊಟ್ಟಿಗಳಿಗೆ ಹಣವಿಲ್ಲದಾಗ ವಿಶ್ವೇಶ್ವರಯ್ಯನವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ನದಿಯ ಮರಳಿನತ್ತ ನೋಡಿದರು. ಸೋರುವ ನಲ್ಲಿ, ನಿಂತ ಗಡಿಯಾರ, ಕಣದಲ್ಲಿನ ತೂರುವ ಯಂತ್ರ, ಕುಂಬಾರನ ತಿಗರಿ ಇವೆಲ್ಲ ಪ್ರತಿ ಊರಿನಲ್ಲಿಯೂ ಇವೆ. ಅವು ಹೇಗೆ ನಡೆಯುತ್ತವೆಂದು ಕೇಳುವ ಬುದ್ಧಿಯೂ, ಕೇಳಿ ಮಾಡಿನೋಡುವ ಕೈಯೂ ಒಂದೇ ವಿದ್ಯಾರ್ಥಿಯಲ್ಲಿ ಕೂಡಿದರೆ ಮುದ್ದೇನಹಳ್ಳಿಯ ಆ ಬಾಲಕನ ಶ್ರಮ ಸಾರ್ಥಕವಾದೀತು. ಅರವತ್ತು ಕಂಬದ ಗುಡಿಯನ್ನು ಕಡೆದ ಹೆಸರಿಲ್ಲದ ಶಿಲ್ಪಿಗಳಿಗೂ ಅದು ಸಲ್ಲುವ ಗೌರವವೇ ಸರಿ.